ಅಂಚೆಚೀಟಿಯ ನಂಟು

ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸವನ್ನು ಮುಹೂರ್ತ ನೋಡಿ ಆರಂಭಿಸಿದವರು ವಿರಳ. ಸಂಗೀತ ಕಲಿಯಬೇಕೆನ್ನುವವನಿಗೆ ಗುರು ಬೇಕು, ಶ್ರುತಿ ಬೇಕು. ಈಜು ಕಲಿಯಬೇಕೆನ್ನುವವನಿಗೆ ತುಂಬಿದ ಕೆರೆ ಬೇಕು, ಮುಳುಗದಂತೆ ನೋಡಿಕೊಳ್ಳುವ ಹಿರಿಯರು ಬೇಕು. ಅಂಚೆಚೀಟಿಯ ಹವ್ಯಾಸಕ್ಕಾದರೋ ಹಳೆಯದೊಂದು ಲಕೋಟೆ ಸಾಕು. ದೂರದ ಊರಿನಲ್ಲಿ ಕೆಲಸದಲ್ಲಿರುವ ಸೋದರಮಾವನಿಂದ ಕಾಗದ ಬರುತ್ತದೆ. ಮನೆಯ ಹಿರಿಯರು ಒಕ್ಕಣೆಯನ್ನು ಓದಿ, ಕ್ಷೇಮಸಮಾಚಾರ ತಿಳಿದು, ಕಾಗದವನ್ನು ಗೋಡೆಯ ತಂತಿಗೆ ಚುಚ್ಚಿ ಮರೆಯುತ್ತಾರೆ. ಮಗುವಿನ ಕಣ್ಣು ಮಾತ್ರ ಲಕೋಟೆಯ ಬಲಮೂಲೆಯಲ್ಲಿ ನಿಲ್ಲುತ್ತದೆ. ಅಲ್ಲಿ ಎರಡು ಬೆರಳಗಲದ ಜಾಗದಲ್ಲಿ ಒಂದು ನವಿಲೋ ರೈಲುಬಂಡಿಯೋ ದೇಗುಲವೋ ಇದೆ. ಸುತ್ತಲೂ ಹಲ್ಲುಹಲ್ಲಾದ ಅಂಚು. ಮೇಲೊಂದು ಕಪ್ಪು ಠಸ್ಸೆ. ಅದು ತನಗೆ ಬೇಕೆನ್ನಿಸುತ್ತದೆ. ಏಕೆ ಬೇಕೆಂದು ಕೇಳಿದರೆ ಮಗುವಿಗೆ ಹೇಳಲು ಬಾರದು. ಹವ್ಯಾಸ ಹುಟ್ಟುವ ಗಳಿಗೆ ಅದೇ.

ಆರಂಭದ ಸಂಗ್ರಹಕ್ಕೆ ಶಾಸ್ತ್ರವೂ ಇಲ್ಲ, ಶಿಸ್ತೂ ಇಲ್ಲ. ಬರೆದು ಮುಗಿದ ನೋಟುಪುಸ್ತಕವೇ ಆಲ್ಬಮ್. ಅನ್ನದ ಅಗುಳೇ ಅಂಟು. ಚೀಟಿಯ ಬೆನ್ನಿಗೆ ಅಗುಳನ್ನು ತಿಕ್ಕಿ ಹಾಳೆಗೆ ಒತ್ತಿಬಿಟ್ಟರೆ ಅದು ಭದ್ರವಾಯಿತೆಂದು ಮಗು ತಿಳಿಯುತ್ತದೆ. ಮಳೆಗಾಲದಲ್ಲಿ ಇರುವೆಯೂ ಬೂಷ್ಟೂ ಬಂದಾಗ ಆ ನಂಬಿಕೆ ಸಡಿಲವಾಗುತ್ತದೆ. ಅನಂತರ ತಿಳಿದವರೊಬ್ಬರು ಸರಿಯಾದ ಕ್ರಮವನ್ನು ಹೇಳಿಕೊಡುತ್ತಾರೆ. ಲಕೋಟೆಯಿಂದ ಚೀಟಿಯನ್ನು ಕೀಳಬಾರದು. ಸುತ್ತಲೂ ಸ್ವಲ್ಪ ಕಾಗದ ಉಳಿಯುವಂತೆ ಕತ್ತರಿಸಿ, ನೀರಿನ ಬಟ್ಟಲಲ್ಲಿ ಮುಖ ಮೇಲಾಗಿ ತೇಲಿಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ಅಂಟು ಕರಗಿ ಚೀಟಿ ತಾನಾಗಿ ಜಾರಿಬರುತ್ತದೆ. ಅದನ್ನು ಬ್ಲಾಟಿಂಗ್ ಕಾಗದದ ಮೇಲೆ ಬೋರಲಾಗಿ ಹರಡಿ, ನೆರಳಿನಲ್ಲಿ ಆರಿಸಿ, ದಪ್ಪ ಪುಸ್ತಕವೊಂದರ ನಡುವೆ ಒತ್ತಿಡಬೇಕು. ಬೆರಳಿನ ಬೆವರು ತಾಗದಂತೆ ಚಿಮುಟದಿಂದ ಹಿಡಿಯಬೇಕು. ಇಲ್ಲಿ ಆತುರಪಟ್ಟವನಿಗೆ ಹಲ್ಲು ಮುರಿದ ಚೀಟಿಯೇ ಗತಿ. ಹೀಗೆ ತಾಳ್ಮೆಯ ಮೊದಲ ಪಾಠವನ್ನು ಮಗು ಯಾರ ಉಪದೇಶವೂ ಇಲ್ಲದೆ ಒಂದು ಬಟ್ಟಲು ನೀರಿನಿಂದ ಕಲಿಯುತ್ತದೆ.

ಮುಂದಿನ ಹಂತ ವಿನಿಮಯದ್ದು. ಒಂದೇ ಬಗೆಯ ಚೀಟಿ ಎರಡು ಸಿಕ್ಕಿದ ದಿನ ಸಂಗ್ರಹಕಾರ ವ್ಯಾಪಾರಿಯೂ ಆಗುತ್ತಾನೆ. ಶಾಲೆಯ ಬಿಡುವಿನ ವೇಳೆಯಲ್ಲಿ, ಮರದ ನೆರಳಿನಲ್ಲಿ, ದೇಶದೇಶಗಳ ನಡುವಣ ವ್ಯವಹಾರಗಳು ಕುದುರುತ್ತವೆ. ಸಿಲೋನಿನ ಒಂದಕ್ಕೆ ಭಾರತದ ಮೂರು. ತ್ರಿಕೋನಾಕಾರದ ಚೀಟಿಯುಳ್ಳವನು ತರಗತಿಗೇ ಶ್ರೀಮಂತ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಪುಸ್ತಕ ದಪ್ಪವಾದಂತೆ ಪ್ರಶ್ನೆಗಳೂ ಬೆಳೆಯುತ್ತವೆ. ‘ಹೆಲ್ವೇಷಿಯ’ ಎಂದು ಬರೆದಿರುವ ದೇಶ ಭೂಪಟದಲ್ಲಿ ಏಕಿಲ್ಲ? ಅದು ಸ್ವಿಟ್ಜರ್‌ಲೆಂಡಿನ ಲ್ಯಾಟಿನ್ ಹೆಸರು. ‘ಮಗ್ಯಾರ್’ ಎಂದರೆ ಹಂಗೇರಿ, ‘ಸುವೋಮಿ’ ಎಂದರೆ ಫಿನ್‌ಲೆಂಡ್, ‘ನಿಪ್ಪಾನ್’ ಎಂದರೆ ಜಪಾನ್. ಒಂದು ದೇಶದ ಚೀಟಿಯ ಮೇಲಂತೂ ದೇಶದ ಹೆಸರೇ ಇರುವುದಿಲ್ಲ. ದೊರೆಯ ಅಥವಾ ರಾಣಿಯ ತಲೆಯಷ್ಟೇ ಗುರುತು. ಅದು ಬ್ರಿಟನ್. ಅಂಟಿಸುವ ಅಂಚೆಚೀಟಿ ಮೊದಲು ಬಳಕೆಗೆ ಬಂದದ್ದು ಅಲ್ಲಿಯೇ ಆದುದರಿಂದ, ಬೇರೆಯವರ ಚೀಟಿಯಿಂದ ತಮ್ಮದನ್ನು ಪ್ರತ್ಯೇಕಿಸಿ ತೋರುವ ಅಗತ್ಯ ಅವರಿಗಿರಲಿಲ್ಲ.

ಆ ಹುಟ್ಟಿನ ಕಥೆಯೂ ಸ್ವಾರಸ್ಯವಾದುದು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಅಂಚೆಯ ವೆಚ್ಚವನ್ನು ಸಾಮಾನ್ಯವಾಗಿ ಕಾಗದ ಪಡೆದವನೇ ತೆರಬೇಕಾಗಿತ್ತು. ದೂರ ಹೆಚ್ಚಿದಂತೆ, ಹಾಳೆಗಳು ಹೆಚ್ಚಿದಂತೆ ದರವೂ ಏರುತ್ತಿತ್ತು. ಬಡವರ ಮನೆಗೆ ಕಾಗದ ಬಂದರೆ ಸಂತೋಷದ ಹಿಂದೆಯೇ ಸಂಕಟವೂ ಬರುತ್ತಿತ್ತು. ಹಿಂದೆ ಉಪಾಧ್ಯಾಯನಾಗಿದ್ದ ರೋಲಂಡ್ ಹಿಲ್ ಎಂಬಾತ 1837ರಲ್ಲಿ ಒಂದು ಸಲಹೆಯನ್ನು ಮುಂದಿಟ್ಟನು: ದೂರ ಎಷ್ಟಾದರೂ ಇರಲಿ, ಹಗುರವಾದ ಕಾಗದಕ್ಕೆ ಒಂದೇ ಪೆನ್ನಿ, ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಲಿ. ಅದರ ಫಲವಾಗಿ 1840ರ ಮೇ ತಿಂಗಳಿನಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ಕಪ್ಪು ಚೀಟಿ, ‘ಪೆನ್ನಿ ಬ್ಲ್ಯಾಕ್’, ಬಳಕೆಗೆ ಬಂದಿತು. ಸಂಗ್ರಹದ ಹುಚ್ಚು ತಡಮಾಡಲಿಲ್ಲ. 1841ರಲ್ಲಿಯೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಯುವತಿಯೊಬ್ಬಳು, ತನ್ನ ಅಲಂಕಾರದ ಕೋಣೆಯ ಗೋಡೆಗೆ ಹಚ್ಚಲು ಬಳಸಿದ ಅಂಚೆಚೀಟಿಗಳು ಬೇಕೆಂದು ಜಾಹೀರಾತು ಕೊಟ್ಟಳು! ಭಾರತ ಉಪಖಂಡದಲ್ಲಿ 1852ರಲ್ಲಿ ಸಿಂಧ್ ಪ್ರಾಂತದ ಅಧಿಕಾರಿ ಬಾರ್ಟಲ್ ಫ್ರೇರ್ ದುಂಡನೆಯ ಅರ್ಧಾಣೆಯ ಚೀಟಿಯನ್ನು ತಂದನು. 1854ರಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಚೀಟಿಗಳು ಬಂದವು.

ಹೀಗೆ ಭೂಗೋಳವನ್ನೂ ಚರಿತ್ರೆಯನ್ನೂ ಹಾಳೆಹಾಳೆಗೆ ಅಂಟಿಸಿಕೊಂಡ ಪುಸ್ತಕ ಒಂದು ದಿನ ಮುಚ್ಚಿಹೋಗುತ್ತದೆ. ಅದಕ್ಕೆ ವಿಶೇಷ ಕಾರಣವೇನೂ ಬೇಕಿಲ್ಲ. ಪರೀಕ್ಷೆ ಬರುತ್ತದೆ, ಕಾಲೇಜು ಬರುತ್ತದೆ, ಉದ್ಯೋಗ, ಮದುವೆ, ಸಂಸಾರ ಒಂದರ ಬೆನ್ನಿಗೊಂದು ಬರುತ್ತವೆ. ಅಂಚೆಚೀಟಿ ಮಕ್ಕಳಾಟದಂತೆ ಕಾಣತೊಡಗುತ್ತದೆ. ಆಲ್ಬಮ್ ಮೇಜಿನಿಂದ ಬೀರುವಿಗೂ ಬೀರುವಿನಿಂದ ಅಟ್ಟದ ಮೇಲಿನ ಟ್ರಂಕಿಗೂ ಏರುತ್ತದೆ. ಅದನ್ನು ಯಾರೂ ಎಸೆದಿರುವುದಿಲ್ಲ, ನೆನೆದಿರುವುದೂ ಇಲ್ಲ.

ಬಾಲ್ಯದಲ್ಲಿ ಕೈಬಿಟ್ಟ ಒಂದು ಚೀಟಿಯ ಕಥೆ ಸಂಗ್ರಹಕಾರರ ಲೋಕದಲ್ಲಿ ಹೆಸರಾಗಿದೆ. ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲಿ 1856ರಲ್ಲಿ ಇಂಗ್ಲೆಂಡಿನಿಂದ ಬರಬೇಕಾಗಿದ್ದ ಚೀಟಿಗಳು ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಲ್ಲಿನ ಪತ್ರಿಕೆಯೊಂದರ ಅಚ್ಚುಕೂಟದಲ್ಲಿ ಕಡುಗೆಂಪು ಕಾಗದದ ಮೇಲೆ ಹಡಗಿನ ಚಿತ್ರವಿರುವ ಚೀಟಿಗಳನ್ನು ತುರ್ತಾಗಿ ಅಚ್ಚುಮಾಡಿಸಿದರು. 1873ರಲ್ಲಿ ಲೂಯಿ ವರ್ನನ್ ವಾನ್ ಎಂಬ 12 ವರ್ಷದ ಹುಡುಗನಿಗೆ ಮನೆಯ ಹಳೆಯ ಕಾಗದಗಳ ನಡುವೆ ಒಂದು ಸೆಂಟಿನ ಚೀಟಿಯೊಂದು ಸಿಕ್ಕಿತು. ಅದರ ಮೂಲೆಗಳನ್ನು ಯಾರೋ ಕತ್ತರಿಸಿದ್ದರು. ನೋಡಲು ಚೆಲುವಾಗಿಯೂ ಇರಲಿಲ್ಲ. ಹುಡುಗ ಅದನ್ನು ಆರು ಷಿಲಿಂಗಿಗೆ ಮಾರಿ, ತನಗೆ ಇಷ್ಟವಾದ ಬೇರೆ ಚೀಟಿಗಳನ್ನು ಕೊಳ್ಳಲು ಹೊರಟನು. ಆ ಬಗೆಯ ಮತ್ತೊಂದು ಚೀಟಿ ಅಧಿಕೃತವೆಂದು ಮನ್ನಣೆ ಪಡೆದಿಲ್ಲ. 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೂ 2021ರಲ್ಲಿ ಸುಮಾರು 83 ಲಕ್ಷ ಡಾಲರಿಗೂ ಹರಾಜಾಯಿತು.

ಈ ಕಥೆಯನ್ನು ಕೇಳಿದವರು ‘ಅಯ್ಯೋ ಪಾಪ, ಎಂತಹ ನಷ್ಟ’ ಎಂದು ಮರುಗುವುದುಂಟು. ಆದರೆ ಆ ಹುಡುಗ ಹಣಕ್ಕಾಗಿ ಚೀಟಿ ಕೂಡಿಟ್ಟವನಲ್ಲ. ಅವನಿಗೆ ಬೇಕಾಗಿದ್ದುದು ಅಂದವಾದ ಚೀಟಿಗಳು. ಬೆಲೆಯ ಲೆಕ್ಕವೇ ಹವ್ಯಾಸದ ಲೆಕ್ಕವಾದರೆ, ಸಾಮಾನ್ಯ ಮನೆಯ ಆಲ್ಬಮ್‌ಗಳಲ್ಲಿ ಬಹುಪಾಲನ್ನು ಎಸೆಯಬೇಕಾಗುತ್ತದೆ. ಲಕ್ಷಲಕ್ಷವಾಗಿ ಅಚ್ಚಾದ ಚೀಟಿಗಳಿಗೆ ಪೇಟೆಯಲ್ಲಿ ಬೆಲೆ ಹೆಚ್ಚಿರುವುದಿಲ್ಲ. ಆದರೂ ಆ ಆಲ್ಬಮ್‌ಗಳಿಗೆ ಬೇರೊಂದು ಬೆಲೆಯುಂಟು. ಅದು ತಿಳಿಯುವುದು ಪುಸ್ತಕವನ್ನು ಎರಡನೆಯ ಬಾರಿ ತೆರೆದಾಗ.

ಎರಡನೆಯ ಬಾರಿ ತೆರೆಯುವ ಸಂದರ್ಭಗಳು ಹಲವು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಉದ್ಯೋಗದಿಂದ ನಿವೃತ್ತರಾದವರಿಗೆ ಹಗಲು ಉದ್ದವಾಗುತ್ತದೆ. ಮೊಮ್ಮಗಳು ‘ಅಜ್ಜಿ, ಇದೇನು?’ ಎಂದು ಕೇಳುತ್ತಾಳೆ. ಮೊದಲ ಹಾಳೆಯಲ್ಲಿ ‘ಇದನ್ನು ಯಾರೂ ಮುಟ್ಟಕೂಡದು’ ಎಂದು ತಮ್ಮದೇ ಎಳೆಯ ಕೈಬರಹ ಕಂಡು ಅಜ್ಜಿಗೆ ನಗು ಬರುತ್ತದೆ. ಹಾಳೆ ತಿರುವಿದಂತೆ ನಗು ನಿಂತು ಅಚ್ಚರಿ ಮೂಡುತ್ತದೆ. ಚೀಟಿಗಳು ಅವೇ, ನೋಡುವ ಕಣ್ಣು ಬೇರೆಯಾಗಿದೆ.

ಜರ್ಮನಿಯ 1923ರ ಚೀಟಿಯೊಂದಿದೆ. ಹಳೆಯ ಬೆಲೆಯ ಮೇಲೆ ಹತ್ತಾರು ಲಕ್ಷ ಮಾರ್ಕುಗಳ ಹೊಸ ಬೆಲೆಯನ್ನು ಒತ್ತಿದ್ದಾರೆ. ಬಾಲ್ಯದಲ್ಲಿ ಅದು ಬರಿಯ ದೊಡ್ಡ ಸಂಖ್ಯೆ. ‘ಇಷ್ಟು ಬೆಲೆಯ ಚೀಟಿ ನನ್ನಲ್ಲಿದೆ’ ಎಂಬ ಹೆಮ್ಮೆ. ಈಗ ಅದೇ ಸಂಖ್ಯೆ ಒಂದು ದೇಶದ ಗೋಳನ್ನು ಹೇಳುತ್ತದೆ. ಹಣದ ಬೆಲೆ ಕುಸಿದು, ಜನರ ಜೀವಮಾನದ ಉಳಿತಾಯ ಕರಗಿ, ಒಂದು ಕಾಗದ ಕಳುಹಿಸಲು ಕೋಟಿಗಟ್ಟಲೆ ಮಾರ್ಕು ತೆರಬೇಕಾಗಿ ಬಂದ ಕಾಲ ಅದು. ಸಿಲೋನ್ 1972ರಲ್ಲಿ ಶ್ರೀಲಂಕಾ ಆಯಿತು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದುಹೋಯಿತು. ಭೂಪಟದಿಂದ ಅಳಿಸಿಹೋದ ಹೆಸರುಗಳು ಆಲ್ಬಮಿನ ಹಾಳೆಯಲ್ಲಿ ಹಾಗೆಯೇ ಕುಳಿತಿವೆ.

ನಮ್ಮ ದೇಶದ ಹಾಳೆಗಳೂ ಈಗ ಬೇರೆಯೇ ಮಾತನಾಡುತ್ತವೆ. ಸ್ವತಂತ್ರ ಭಾರತದ ಮೊದಲ ಚೀಟಿ ಬಂದದ್ದು 1947ರ ನವೆಂಬರ್ 21ರಂದು. ಮೂರೂವರೆ ಆಣೆಯ ಆ ಚೀಟಿಯ ಮೇಲೆ ರಾಷ್ಟ್ರಧ್ವಜವೂ ‘ಜೈ ಹಿಂದ್’ ಎಂಬ ಘೋಷವೂ ಇವೆ. ಬಿಡುಗಡೆ ದೊರೆತು ಮೂರು ತಿಂಗಳು ಕಳೆದರೂ ಭಾರತೀಯರು ತಮ್ಮ ಕಾಗದಗಳಿಗೆ ಆರನೆಯ ಜಾರ್ಜ್ ದೊರೆಯ ತಲೆಯನ್ನೇ ಅಂಟಿಸುತ್ತಿದ್ದರೆಂಬುದು ಆಗ ಹೊಳೆಯುತ್ತದೆ. 1948ರ ಆಗಸ್ಟ್ 15ರಂದು ಗಾಂಧೀಜಿಯವರ ಚಿತ್ರದ ನಾಲ್ಕು ಚೀಟಿಗಳು ಹೊರಬಂದವು. ಸ್ವದೇಶಿಯನ್ನು ಸಾರಿದ ಮಹಾತ್ಮರ ಆ ಚೀಟಿಗಳು ಅಚ್ಚಾದದ್ದು ಸ್ವಿಟ್ಜರ್‌ಲೆಂಡಿನಲ್ಲಿ! ಮಗುವಿಗೆ ಕಂಡದ್ದು ಬಣ್ಣ. ಹಿರಿಯರಿಗೆ ಕಾಣುವುದು ಕಾಲ.

ಕನ್ನಡನಾಡೂ ಈ ಪುಟ್ಟ ಚೌಕಟ್ಟಿನಲ್ಲಿ ಅಡಗಿದೆ. 1949ರ ಪುರಾತತ್ತ್ವ ಮಾಲೆಯ ಆರಾಣೆ ಚೀಟಿಯಲ್ಲಿ ವಿಜಯಪುರದ ಗೋಲಗುಮ್ಮಟವಿದೆ. 1960ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವುಳ್ಳ ಚೀಟಿ ಹೊರಬಂದಾಗ ಅವರಿನ್ನೂ ಬದುಕಿದ್ದರು. ಅಂತಹ ಗೌರವ ಪಡೆದವರು ಕೆಲವರೇ. 1964ರಲ್ಲಿ ಪುರಂದರದಾಸರು, 1967ರಲ್ಲಿ ಬಸವೇಶ್ವರರು ಅಂಚೆಚೀಟಿಯನ್ನೇರಿ ದೇಶವನ್ನೆಲ್ಲ ಸುತ್ತಿದರು. 2006ರಲ್ಲಿ ಅಂಚೆ ಇಲಾಖೆ ಶ್ರೀಗಂಧದ ಪರಿಮಳ ಸೂಸುವ ಚೀಟಿಯನ್ನೂ, 2017ರಲ್ಲಿ ಬೆಂಗಳೂರಿನಲ್ಲಿ ಕಾಫಿಯ ಕಂಪಿನ ಚೀಟಿಯನ್ನೂ ಹೊರತಂದಿತು. ‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳುತ್ತಾರೆ. ಅಂಚೆಚೀಟಿಗಳ ಆಲ್ಬಮ್ ದೇಶ ಸುತ್ತಿ ಬಂದ ಕೋಶ.

ಈ ಹವ್ಯಾಸ ಬರಿಯ ಕಾಲಹರಣವಲ್ಲ; ಕಷ್ಟಕಾಲದಲ್ಲಿ ಅದು ಕೈಹಿಡಿಯುವುದೂ ಉಂಟು. ಅಮೆರಿಕದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾಲ್ಯದಲ್ಲಿಯೇ ಚೀಟಿ ಕೂಡಿಡತೊಡಗಿದ್ದನು. 1921ರಲ್ಲಿ, 39ನೆಯ ವಯಸ್ಸಿನಲ್ಲಿ, ಪೋಲಿಯೋ ರೋಗ ತಗಲಿ ಅವನ ಕಾಲುಗಳ ಶಕ್ತಿ ಹೋಯಿತು. ಹಾಸಿಗೆ ಹಿಡಿದ ಆ ದೀರ್ಘ ದಿನಗಳಲ್ಲಿ ಆಲ್ಬಮ್‌ಗಳು ಅವನಿಗೆ ಆಸರೆಯಾದವು. ನಡೆಯಲಾರದವನು ಮಲಗಿದಲ್ಲಿಯೇ ಲೋಕವನ್ನು ಸುತ್ತಿದನು. 1933ರಲ್ಲಿ ರಾಷ್ಟ್ರಾಧ್ಯಕ್ಷನಾದ ಮೇಲೆಯೂ ಅವನು ಆ ನಂಟನ್ನು ಬಿಡಲಿಲ್ಲ. ಹೊಸ ಚೀಟಿಗಳ ಚಿತ್ರ ಹೇಗಿರಬೇಕೆಂದು ತಾನೇ ಗೆರೆ ಎಳೆದು ಸೂಚಿಸುತ್ತಿದ್ದನು. ಬಾಲ್ಯದಲ್ಲಿ ಕಲಿತ ಪ್ರೀತಿಯೊಂದು ಬತ್ತದೆ ಉಳಿದಿದ್ದುದರಿಂದಲೇ ಆಪತ್ತಿನ ದಿನ ಅದು ಒದಗಿತು.

ಆದರೆ ಮರಳಿ ತೆರೆಯಬೇಕಾದರೆ ಮೊದಲು ತೆರೆದಿರಬೇಕು. ಇಂದಿನ ಮನೆಗಳಿಗೆ ಚೀಟಿ ಅಂಟಿಸಿದ ಲಕೋಟೆ ಬರುವುದು ಅಪರೂಪವಾಗಿದೆ. ಮಾತು ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಮುಟ್ಟುತ್ತದೆ. ಭಾರತದಲ್ಲಿ ತಂತಿ ಸಂದೇಶದ ಸೇವೆ 2013ರಲ್ಲಿ ನಿಂತಿತು. 1624ರಿಂದ ನಡೆದುಬಂದ ಡೆನ್ಮಾರ್ಕಿನ ಸರ್ಕಾರಿ ಅಂಚೆ 2025ರ ಕೊನೆಗೆ ಕಾಗದಗಳ ಬಟವಾಡೆಯನ್ನೇ ಕೈಬಿಟ್ಟಿತು. ಇತ್ತ ಹಳೆಯ ಆಲ್ಬಮ್‌ಗಳೂ ಕಾಗದದ ಕಟ್ಟುಗಳೂ ಹಿರಿಯರು ಕಣ್ಮರೆಯಾದ ಬಳಿಕ ರದ್ದಿಯ ತಕ್ಕಡಿಯನ್ನೇರುತ್ತಿವೆ. ಅದರಲ್ಲಿ ಹೋಗುವುದು ಚೀಟಿಯೊಂದೇ ಅಲ್ಲ. ಯಾರು ಯಾರಿಗೆ, ಯಾವ ಊರಿನಿಂದ, ಯಾವ ದಿನ ಬರೆದರು ಎಂಬ ಒಂದು ಕುಟುಂಬದ ಸಾಕ್ಷ್ಯವೇ ಹೋಗುತ್ತದೆ.

ಆದುದರಿಂದ ಹಳೆಯ ಲಕೋಟೆ ಕೈಗೆ ಸಿಕ್ಕಿದರೆ ಚೀಟಿಗಾಗಿ ಅದನ್ನು ಕತ್ತರಿಸದೆ, ಠಸ್ಸೆ ಮತ್ತು ವಿಳಾಸಗಳ ಸಮೇತ ಇಡಿಯಾಗಿ ಕಾಪಾಡುವುದೇ ಲೇಸೆಂದು ಅನುಭವಿಗಳು ಹೇಳುತ್ತಾರೆ. ಹೊಸಬರಿಗೆ ದಾರಿಯೇನೂ ಮುಚ್ಚಿಲ್ಲ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಸಂಗ್ರಹಕಾರರಿಗೆಂದೇ ಒಂದು ವಿಭಾಗವಿದೆ. 6ರಿಂದ 9ನೆಯ ತರಗತಿಯವರೆಗಿನ ವಿದ್ಯಾರ್ಥಿಗಳಲ್ಲಿ ಈ ಆಸಕ್ತಿಯನ್ನು ಬೆಳೆಸಲು ಅಂಚೆ ಇಲಾಖೆ 2017ರಲ್ಲಿ ‘ದೀನ್ ದಯಾಳ್ ಸ್ಪರ್ಶ್’ ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಆಯ್ಕೆಯಾದವರಿಗೆ ವರ್ಷಕ್ಕೆ 6,000 ರೂಪಾಯಿ ಎಂದು ಗೊತ್ತುಪಡಿಸಿತು. ಇನ್ನೂ ಸುಲಭವಾದ ಉಪಾಯವೊಂದಿದೆ. ಬೇರೆ ಊರಿನ ಗೆಳೆಯನಿಗೆ ಕಾಗದ ಬರೆದು, ಮಾರುತ್ತರವನ್ನು ಕಾಗದದಲ್ಲಿಯೇ ಬರೆಯೆಂದು ಕೇಳುವುದು. ಸಂಗ್ರಹಕ್ಕೆ ಒಂದು ಚೀಟಿ ಸೇರುತ್ತದೆ, ಸ್ನೇಹಕ್ಕೆ ಒಂದು ಕಾಗದ ಸೇರುತ್ತದೆ.

ಎಳೆಯ ವಯಸ್ಸಿನಲ್ಲಿ ಅರ್ಥವರಿಯದೆ ಕೂಡಿಟ್ಟದ್ದು ಅರ್ಥವಾಗಲು ಒಂದು ಜೀವಮಾನವೇ ಬೇಕಾಗಬಹುದು. ಅರ್ಥ ತಿಳಿದ ಮೇಲೆ ಕೂಡಿಡುತ್ತೇನೆ ಎನ್ನುವವನ ಪುಸ್ತಕದಲ್ಲಿ ಹಾಳೆಗಳು ಖಾಲಿಯಾಗಿಯೇ ಉಳಿಯುತ್ತವೆ. ಬಿತ್ತುವ ಕಾಲ ಬೇರೆ, ಬೆಳೆ ಕೊಯ್ಯುವ ಕಾಲ ಬೇರೆ. ಅಂಚೆಚೀಟಿಯ ಹವ್ಯಾಸವೂ ಹಾಗೆಯೇ: ಬಾಲ್ಯ ಅದನ್ನು ಕೂಡಿಡುತ್ತದೆ, ಮುಪ್ಪು ಅದನ್ನು ಓದುತ್ತದೆ.