ಮುಂಗೈಗೆ ಆಸರೆ

ಎಂಬತ್ತರ ದಶಕದ ಕೊನೆಯಲ್ಲಿ ರಾಣೆಬೆನ್ನೂರಿನಲ್ಲಿ ನಾವು ಟೈಪಿಂಗ್ ಕಲಿಯುವಾಗ ಮುಂಗೈ ಊರುವುದೇ ತಪ್ಪಾಗಿತ್ತು. ರೆಮಿಂಗ್ಟನ್, ಗೋದ್ರೆಜ್ ಯಂತ್ರಗಳು; ಒಂದರ ಮೇಲೊಂದು ಏರಿದ ಕೀಲಿಗಳ ಸಾಲು. ಕೈ ಇಳಿಬಿಟ್ಟರೆ ಮೇಲಿನ ಸಾಲು ಎಟುಕುತ್ತಿರಲಿಲ್ಲ, ಅಕ್ಷರ ಮಸುಕಾಗಿ ಬೀಳುತ್ತಿತ್ತು. ಮಾಸ್ತರು ಬೆನ್ನ ಹಿಂದೆ ನಿಂತು ‘ತಮ್ಮಾ, ಕೈ ಎತ್ತಿ ಹಿಡಿ’ ಎನ್ನುತ್ತಿದ್ದರು. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ಬೆರಳಿಗೆ ಓಡಾಟವೂ ಹೆಚ್ಚು. ಆದರೂ ಆಗಿನ ಟೈಪಿಸ್ಟರು ಬೆನ್ನು, ಭುಜದ ನೋವಿನ ಮಾತಾಡುತ್ತಿದ್ದರೇ ಹೊರತು ಮುಂಗೈ ಜುಮ್ಮೆನ್ನುತ್ತದೆ ಅಂದದ್ದು ನಾನು ಕೇಳಿದ್ದು ಕಡಿಮೆ. ಸಾಲು ಮುಗಿಯುತ್ತ ಬಂದಾಗ ಗಂಟೆ ಬಡಿಯುತ್ತಿತ್ತು, ಎಡಗೈ ಎತ್ತಿ ಕ್ಯಾರೇಜ್ ತಳ್ಳಬೇಕಿತ್ತು. ಪುಟ ಮುಗಿದರೆ ಕಾಗದ, ಕಾರ್ಬನ್ ಬದಲಿಸಬೇಕು. ಕೈಗೆ ಬಿಡುವು ತಾನಾಗಿಯೇ ಸಿಗುತ್ತಿತ್ತು.

ಕೈಬರಹದವರಿಗಾದರೋ ಆಸರೆ ಇತ್ತು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳಲ್ಲಿ ಗುಮಾಸ್ತರು ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಇಳಿಜಾರು ಹಲಗೆಯ ಡೆಸ್ಕಿನ ಮೇಲೆ ಕಿರ್ದಿ, ಖತಾವಣಿಯ ಲೆಕ್ಕ ಬರೆಯುತ್ತಿದ್ದರು. ಮೊಣಕೈಯಿಂದ ಬೆರಳಿನವರೆಗೆ ಇಡೀ ಕೈಗೆ ಆ ಹಲಗೆಯದೇ ಆಸರೆ.

1997ರಲ್ಲಿ ಧಾರವಾಡದಿಂದ ಬೇರೆಯಾಗಿ ನಮ್ಮ ಹಾವೇರಿ ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅರ್ಜಿ, ಕರಾರು ಪತ್ರಗಳ ಕೆಲಸ ಬೆಳೆಯಿತು. ಟೈಪ್‌ರೈಟರ್ ಇಟ್ಟಿದ್ದ ಮೇಜಿನ ಮೇಲೇ ಕಂಪ್ಯೂಟರ್ ಬಂದು ಕುಳಿತಿತು. ಕನ್ನಡಕ್ಕೆ ಶ್ರೀಲಿಪಿ, ಬರಹ, ಆಮೇಲೆ ನುಡಿ ತಂತ್ರಾಂಶ. ‘ಭೂಮಿ’ ಯೋಜನೆಯಿಂದ ಪಹಣಿಯೂ ಕಂಪ್ಯೂಟರಿಗೆ ಹೋಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಕನ್ನಡ ಬೆರಳಚ್ಚು ಬಲು ಹಗುರಾಯಿತು, ಆ ಉಪಕಾರ ದೊಡ್ಡದು. ಆದರೆ ಕೀಲಿ ಹಗುರಾದಂತೆ ಕೈ ಎತ್ತುವ ಪ್ರಸಂಗವೇ ಇಲ್ಲವಾಯಿತು. ಮುಂಗೈ ಮೇಜಿನ ಅಂಚಿಗೆ ಒರಗಿತು. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ.

ಇದರ ಪರಿಣಾಮ ನಾನು ಹೆಚ್ಚು ಕಂಡದ್ದು ಬ್ಯಾಡಗಿಯಲ್ಲಿ. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲ ಬರುವುದುಂಟು. ಮೊದಲು ಖರೀದಿದಾರರು ಚೀಟಿಯಲ್ಲಿ ದರ ಬರೆದು ಹಾಕುತ್ತಿದ್ದರು. ಇ-ಟೆಂಡರ್ ಬಂದ ಮೇಲೆ ಲಾಟ್ ನಂಬರು, ಚೀಲ, ತೂಕ, ದರ ಎಲ್ಲವನ್ನೂ ಕೀಲಿಮಣೆಯಲ್ಲೇ ಒತ್ತಬೇಕು. ಬರೀ ಅಂಕಿ, ಹಾಗಾಗಿ ಬಲಗೈ ಬಲತುದಿಯ ನಂಬರ್ ಕೀಲಿಗಳ ಮೇಲೇ ಇರುತ್ತದೆ, ಮೌಸ್ ಅದಕ್ಕಿಂತ ಆಚೆ. ‘ಸರ, ರಾತ್ರಿ ಹೆಬ್ಬಟ್ಟು ಜುಮ್ ಅಂತೈತ್ರಿ’ ಎಂದು ಹುಡುಗರು ಹೇಳತೊಡಗಿದರು. ಮಣಿಕಟ್ಟಿನ ಒಳಮೈಯಲ್ಲಿ ಮೂಳೆ ಮತ್ತು ಸ್ನಾಯುಬಂಧದ ಪಟ್ಟಿಯ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಮೀಡಿಯನ್ ನರ ಹಾದುಹೋಗುತ್ತದೆ. ಅದರ ಮೇಲೆ ಒತ್ತಡ ಬಿದ್ದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಮರಗಟ್ಟುತ್ತವೆ. ಇದೇ ಕಾರ್ಪಲ್ ಟನೆಲ್ ತೊಂದರೆ.

ಆಗ ಕೀಲಿಮಣೆಯ ಮುಂದೆ ಕೈಗೆ ಆಸರೆಯಾಗಿ ಇಡುವ ಪ್ಯಾಡ್‌ಗಳು ಬಂದವು. ಕೆಲವರು ಮನೆಯಲ್ಲೇ ಹಳೆ ಬಟ್ಟೆಯ ಚೀಲಕ್ಕೆ ಅರಳೆ ತುಂಬಿ ಹೊಲಿಸಿಕೊಂಡರು; ಕೆಲ ದಿನದಲ್ಲೇ ಅದು ಚಪ್ಪಟೆಯಾಯಿತು. ಜೋಳ ತುಂಬಿದ್ದು ಗಟ್ಟಿಯಾಯಿತು. ಪೇಟೆಯ ಜೆಲ್ ಪ್ಯಾಡ್ ಮೆತ್ತಗಿತ್ತು, ಆದರೆ ಅದರ ಬಟ್ಟೆ ಹೊದಿಕೆಯಲ್ಲಿ ಬೆವರು, ಮೆಣಸಿನಕಾಯಿ ಧೂಳು ಸೇರಿ ಮುಂಗೈ ಚರ್ಮವೇ ಉರಿಯುತ್ತಿತ್ತು. ಬ್ಯಾಡಗಿಯಲ್ಲಿ ಒರೆಸಲು ಬರುವ, ನುಣುಪಾದ ರೆಕ್ಸಿನ್ ಹೊದಿಕೆಯದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆತ್ತಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಕೊಳ್ಳುವವರೇ ಬಹಳ. ಹೆಬ್ಬೆರಳಿನಿಂದ ಅದುಮಿದರೆ ತಳ ತಾಗುವಂಥದ್ದು ಬೇಡ. ಕೈ ಅದರಲ್ಲಿ ಹೂತು ಮಣಿಕಟ್ಟಿಗೇ ಒತ್ತಡ ಬೀಳುತ್ತದೆ. ತುಸು ಬಿಗಿ ಇರುವ ಫೋಮ್ ಬಾಳಿಕೆಗೂ ಮೇಲು. ಎತ್ತರ ಕೀಲಿಮಣೆಯ ಮುಂದಿನ ಅಂಚಿಗೆ ಸಮನಾಗಿರಬೇಕು, ಉದ್ದ ಕೀಲಿಮಣೆಯಷ್ಟೇ ಇರಬೇಕು. ಅಂಕಿ ಒತ್ತುವವರಿಗೆ ಗಿಡ್ಡ ಪ್ಯಾಡ್ ನಿರುಪಯೋಗಿ. ಕೀಲಿಮಣೆಯ ಹಿಂದಿನ ಕಾಲುಗಳನ್ನು ಮಡಚಿಡಿ. ಎತ್ತಿದರೆ ಕೈ ಹಿಂದಕ್ಕೆ ಮಡಚುತ್ತದೆ. ಇನ್ನು ಮೌಸ್ ಪ್ಯಾಡಿನ ದಪ್ಪ ಜೆಲ್ ಉಬ್ಬು ನನಗೆ ಹಿಡಿಸಿಲ್ಲ. ಅದು ಮುಂಗೈಯನ್ನು ಒಂದೇ ಕಡೆ ನಿಲ್ಲಿಸಿ ಮಣಿಕಟ್ಟನ್ನೇ ತಿರುಗಿಸುವಂತೆ ಮಾಡುತ್ತದೆ. ಮೌಸ್ ಮೊಣಕೈಯಿಂದ ಸರಿಯಬೇಕು. ಅದಕ್ಕೆ ಸಪಾಟಾದ ಅಗಲ ಪ್ಯಾಡ್ ಸಾಕು.

ಎಲ್ಲಕ್ಕಿಂತ ಮುಖ್ಯ, ಟೈಪ್ ಮಾಡುವಾಗ ಪ್ಯಾಡಿನ ಮೇಲೆ ಭಾರ ಹಾಕಬಾರದು. ರಾಣೆಬೆನ್ನೂರಿನ ಮಾಸ್ತರರ ಮಾತು ಇಲ್ಲಿ ಇಂದಿಗೂ ಸತ್ಯ. ಬೆರಳು ನಿಂತಾಗ, ಯೋಚಿಸುವಾಗ, ಮುಂದಿನ ಲಾಟ್ ಬರುವವರೆಗೆ ಅಂಗೈಯ ಬುಡವನ್ನು ಅದರ ಮೇಲಿಡಬೇಕು, ಮಣಿಕಟ್ಟನ್ನಲ್ಲ.

ದಲಾಲಿ ಅಂಗಡಿಯ ಮಾಲೀಕರಲ್ಲಿ ನನ್ನದೊಂದು ವಿನಂತಿ. ಸುಗ್ಗಿಗೆ ಮೊದಲೇ ಹುಡುಗರಿಗೆ ಒಳ್ಳೆಯ ಪ್ಯಾಡ್ ಕೊಡಿಸಿ. ಅದಕ್ಕೂ ಮುನ್ನ ಆ ತಗ್ಗು ಪ್ಲಾಸ್ಟಿಕ್ ಕುರ್ಚಿ ತೆಗೆದು, ಮೊಣಕೈ ಮೇಜಿನ ಮಟ್ಟಕ್ಕೆ ಬರುವಂಥ ಕುರ್ಚಿ ಹಾಕಿ. ಗಂಟೆಗೊಮ್ಮೆ ಐದು ನಿಮಿಷ ಎದ್ದು ಓಡಾಡಲು ಬಿಡಿ. ಬೆರಳು ಮರಗಟ್ಟಿದೆ ಎಂದವರನ್ನು ಹಂಗಾಮು ಮುಗಿಯುವವರೆಗೆ ಕಾಯಿಸದೆ ಡಾಕ್ಟರ ಹತ್ತಿರ ಕಳಿಸಿ.