ಗೆದ್ದ ಕೈಯ ಪಾಠ

ಹಿಂದೆ ಉಳಿದವರೇ ಗೆಲ್ಲುವ ಆಟಗಳು ನಮಗೆ ಹೊಸವೇನಲ್ಲ. ಹೈಸ್ಕೂಲಿನ ಕ್ರೀಡಾ ದಿನ ಬಂತೆಂದರೆ ನಿಧಾನ ಸೈಕಲ್ ಸ್ಪರ್ಧೆ ಇರಲೇಬೇಕು. ಕಾಲನ್ನು ನೆಲಕ್ಕೆ ತಾಗಿಸದೆ, ಪಕ್ಕದ ಗೆರೆ ದಾಟದೆ, ಎಲ್ಲರಿಗಿಂತ ಕೊನೆಗೆ ಬಂದವಳಿಗೆ ಮೊದಲ ಬಹುಮಾನ. ಮೂರೆಲೆ ಆಡುವ ಗಂಡಸರಲ್ಲಿಯೂ ‘ಮುಫ್ಲಿಸ್’ ಎಂಬ ಒಂದು ಬಗೆ ಉಂಟು. ಆ ಮಾತಿಗೆ ದಿವಾಳಿಯಾದವನು ಎಂದು ಅರ್ಥ. ಅದರಲ್ಲಿ ಎಲ್ಲರಿಗಿಂತ ಹೀನವಾದ ಎಲೆಗಳನ್ನು ಹಿಡಿದವನೇ ಹಣ ಬಾಚಿಕೊಳ್ಳುತ್ತಾನೆ. ಆದರೆ ಇಂಥ ತಲೆಕೆಳಗಾದ ಆಟವನ್ನು ಸಂಗೀತದಂತೆ ವರ್ಷಗಟ್ಟಲೆ ಸಾಧನೆ ಮಾಡುವವರೂ ಇದ್ದಾರೆಂದು ನನಗೆ ತಿಳಿದದ್ದು ನನ್ನ ಅಕ್ಕನ ಮಗನಿಂದ.

ಅವನು ಅಮೆರಿಕದಲ್ಲಿ ಕಂಪ್ಯೂಟರ್ ಇಂಜಿನಿಯರ್. 2019ರ ಬೇಸಿಗೆ ರಜೆಯಲ್ಲಿ ಅಕ್ಕನನ್ನೂ ನನ್ನನ್ನೂ ಲಾಸ್ ಏಂಜಲೀಸಿನ ತನ್ನ ಮನೆಗೆ ಕರೆಸಿಕೊಂಡಿದ್ದ. ಅಕ್ಕನಿಗೆ ಇಸ್ಪೀಟೆಂದರೆ ಆಗದು. ನಮ್ಮ ಚಿಕ್ಕಪ್ಪನೊಬ್ಬರು ಎರಡು ಎಕರೆ ಗದ್ದೆಯನ್ನು ಐವತ್ತೆರಡು ಎಲೆಗಳಲ್ಲಿ ಕಳೆದದ್ದನ್ನು ಕಣ್ಣಾರೆ ಕಂಡವಳು ಅವಳು. ಆದ್ದರಿಂದ ಅವಳು ಮಲಗಿದ ಮೇಲೆ ಊಟದ ಮೇಜಿನ ಹತ್ತಿರ ನಮ್ಮ ಪಾಠ ನಡೆಯುತ್ತಿತ್ತು. ಅವನು ಮೇಷ್ಟ್ರು, ನಾನು ಶಿಷ್ಯೆ. ಇಪ್ಪತ್ತೈದು ವರ್ಷ ಸಮಾಜ ಪಾಠ ಹೇಳಿದ ಬಾಯಿಗೂ ಸ್ವಲ್ಪ ವಿಶ್ರಾಂತಿ ಬೇಕಲ್ಲ!

ಈ ಆಟಕ್ಕೆ ಲೋಬಾಲ್ ಎಂದು ಹೆಸರು. ಪೋಕರಿನದೇ ಒಂದು ಕವಲು. ಲಾಸ್ ಏಂಜಲೀಸಿನ ಪಕ್ಕದ ಗಾರ್ಡೀನಾ ಎಂಬ ಊರಿನಲ್ಲಿ 1936ರಿಂದಲೇ ಇಸ್ಪೀಟು ಕ್ಲಬ್ಬುಗಳಿದ್ದವು. ಆ ರಾಜ್ಯದ ಕಾನೂನು ನಿಷೇಧಿಸಿದ ಆಟಗಳ ಪಟ್ಟಿಯಲ್ಲಿ, ಎಲೆ ಬದಲಿಸಿಕೊಳ್ಳುವ ಬಗೆಯ ಪೋಕರಿನ ಹೆಸರು ಇರಲಿಲ್ಲವಂತೆ. ಆ ಸಂದಿಯಲ್ಲಿ ಲೋಬಾಲ್ ಅಲ್ಲಿ ದಶಕಗಟ್ಟಲೆ ಬೆಳೆಯಿತು. ಅಲ್ಲಿನ ಆಟದಲ್ಲಿ ಎಕ್ಕದಿಂದ ಐದರವರೆಗಿನ ಐದು ಎಲೆಗಳೇ ಶ್ರೇಷ್ಠ. ನನ್ನ ಶಿಷ್ಯಗುರು ಆಡುತ್ತಿದ್ದುದು ಇದಕ್ಕಿಂತ ಕಠಿಣವಾದದ್ದು. ಅದರಲ್ಲಿ ಎಕ್ಕ ಎಲ್ಲಕ್ಕಿಂತ ದೊಡ್ಡ ಎಲೆ, ಅಂದರೆ ಎಲ್ಲಕ್ಕಿಂತ ಕೆಟ್ಟದ್ದು. ಜೋಡಿ ಬಂದರೆ ಕೆಟ್ಟದ್ದು. ಐದೂ ಎಲೆ ಒಂದೇ ಜಾತಿಯದಾದರೆ, ಅಥವಾ ಸಾಲಾಗಿ ಸೀಕ್ವೆನ್ಸ್ ಆದರೆ, ಇನ್ನೂ ಕೆಟ್ಟದ್ದು. ಮಕ್ಕಳನ್ನು ದಿನವೂ ಸಾಲಾಗಿ ನಿಲ್ಲಿಸುವ ನಮ್ಮಂಥವರಿಗೆ ಸಾಲಾಗಿ ನಿಂತದ್ದಕ್ಕೇ ಶಿಕ್ಷೆ ಎಂಬುದು ಬೇಗ ತಲೆಗೆ ಹತ್ತುವುದಿಲ್ಲ. ಹೀಗಾಗಿ ಆ ಆಟದ ಅತ್ಯುತ್ತಮ ಕೈ 7, 5, 4, 3, 2. ಅದನ್ನು ಆಟಗಾರರು ‘ನಂಬರ್ ಒನ್’ ಎನ್ನುತ್ತಾರೆ.

ಐದು ಎಲೆ ಕೈಗೆ ಬಂದ ಮೇಲೆ ಒಂದೇ ಒಂದು ಸಲ ಬೇಡದ ಎಲೆಗಳನ್ನು ಎಸೆದು ಹೊಸದನ್ನು ಪಡೆಯಬಹುದು. ಬೇಡವಾದರೆ ಇದ್ದದ್ದನ್ನೇ ಇಟ್ಟುಕೊಳ್ಳಬಹುದು. ಇಡೀ ಆಟದ ಮರ್ಮ ಇಲ್ಲಿದೆ: ಇರುವುದು ಸಾಕೇ, ಇನ್ನೂ ಬೇಕೇ?

ಇದೆಲ್ಲ ಬರೀ ಅದೃಷ್ಟವಲ್ಲವೇ ಎಂದು ನಾನು ಕೇಳಿದಾಗ ಅವನು ಬಿಲ್ಲಿ ಬ್ಯಾಕ್ಸ್ಟರ್ ಎಂಬವರ ಕಥೆ ಹೇಳಿದ. 1970ರಲ್ಲಿ ಲಾಸ್ ವೇಗಾಸಿನಲ್ಲಿ ಆರಂಭವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಎಂಬ ಪಂದ್ಯಾವಳಿಯಲ್ಲಿ ಅವರು ಏಳು ಪ್ರಶಸ್ತಿ ಗೆದ್ದಿದ್ದಾರೆ, ಏಳೂ ಲೋಬಾಲ್ ಬಗೆಯ ಆಟಗಳಲ್ಲೇ. ಅವರ ಗಳಿಕೆಯನ್ನು ದುಡಿಯದೆ ಬಂದ ಹಣವೆಂದು ಲೆಕ್ಕ ಹಿಡಿದು ಸರ್ಕಾರ ಹೆಚ್ಚಿನ ತೆರಿಗೆ ಹಾಕಿತ್ತು. ಅವರು ಕೋರ್ಟಿಗೆ ಹೋದರು. 1986ರಲ್ಲಿ ಅಲ್ಲಿನ ಜಿಲ್ಲಾ ನ್ಯಾಯಾಲಯ ಅದು ದುಡಿಮೆಯ ಹಣವೆಂದೇ ಒಪ್ಪಿತು. “ನೋಡಿ ಚಿಕ್ಕಮ್ಮ, ಕೋರ್ಟೇ ಹೇಳಿದೆ” ಎಂದು ಅವನು ಬೀಗಿದ. ಆಗಲಿ, ದುಡಿಮೆಯೆಂದೇ ಇಟ್ಟುಕೊಳ್ಳೋಣ. ದುಡಿಮೆಯಾದರೆ ಅದರಲ್ಲಿ ಸರಿ ತಪ್ಪು ಎಂಬುದೂ ಇರಬೇಕಷ್ಟೆ.

ನಾವು ಅಲ್ಲಿರುವಾಗಲೇ ಅವನು 1,500 ಡಾಲರ್ ಪ್ರವೇಶ ಶುಲ್ಕ ಕಟ್ಟಿ ಲಾಸ್ ವೇಗಾಸಿನ ಒಂದು ಪಂದ್ಯಕ್ಕೆ ಹೊರಟ. ಕಾರಿನಲ್ಲಿ ನಾಲ್ಕೈದು ಗಂಟೆಯ ದಾರಿ. ಅಕ್ಕನಿಗೆ ಆಫೀಸಿನ ಕೆಲಸವೆಂದು ಹೇಳಿದ್ದಾಯಿತು. ಹೆಂಡತಿ ಏನೂ ಹೇಳಲಿಲ್ಲ. ಆ ಹುಡುಗಿಯ ಮೌನ ನನಗೆ ಹಿತವಾಗಲಿಲ್ಲ.

ಮಧ್ಯಾಹ್ನ ಫೋನ್ ಬಂತು. “ಚಿಕ್ಕಮ್ಮ, ನಂಬರ್ ಒನ್!” ಅವನ ಕೈಯಲ್ಲಿ 9, 7, 5, 3, 2 ಇತ್ತಂತೆ. ಎದುರಾಳಿ ಮೊದಲು ಒಂದು ಎಲೆ ಬದಲಿಸಿದ. ಇವನು ಒಂಬತ್ತನ್ನು ಎಸೆದು ಒಂದು ಎಲೆ ಕೇಳಿದ. ನಾಲ್ಕು ಬಂತು! ಎದುರಾಳಿಗೆ ಎಂಟರ ಕೈ ಆಗಿತ್ತು. ಒಂಬತ್ತನ್ನು ಇಟ್ಟುಕೊಂಡಿದ್ದರೆ ಸೋಲುತ್ತಿದ್ದ. ರಾಶಿ ಬಿಲ್ಲೆಗಳು ಇವನ ಕಡೆಗೆ ಬಂದವು. ಸುತ್ತ ಇದ್ದವರು ಬೆನ್ನು ತಟ್ಟಿದರಂತೆ. ಅದೇ ಉತ್ಸಾಹದಲ್ಲಿ ಹೆಂಡತಿಗೂ ಹೇಳಿದ, ಇನ್ನು ಕೆಲಸ ಬಿಟ್ಟರೂ ನಡೆಯುತ್ತದೆ ಎಂದು.

ಮಾರನೆಯ ರಾತ್ರಿ ಮನೆಗೆ ಬಂದಾಗ ಮುಖ ಬಾಡಿತ್ತು. ಇನ್ನು ಆರೇಳು ಜನ ಹೊರಬಿದ್ದಿದ್ದರೆ ಉಳಿದವರಿಗೆಲ್ಲ ಹಣ. ಆ ಹೊತ್ತಿನಲ್ಲಿ ಅವನಿಗೆ ಬಂದದ್ದು 9, 6, 4, 3, 2. ಎದುರಿನವನು ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದ, ಇವನೂ ತಳ್ಳಿದ. ಎದುರಿನವನು ಒಂದು ಎಲೆ ಬದಲಿಸಿದ. ಅಂದರೆ ಅವನ ಕೈ ಇನ್ನೂ ಆಗಿಲ್ಲ, ಇವನದು ಆಗಿದೆ. ಆದರೂ ಇವನು ಮತ್ತೆ ಒಂಬತ್ತನ್ನು ಎಸೆದ. ಬಂದದ್ದು ಐದು. 6, 5, 4, 3, 2. ನೋಡುವುದಕ್ಕೆ ಇದಕ್ಕಿಂತ ಚಿಕ್ಕ ಕೈ ಉಂಟೇ? ಆದರೆ ಸಾಲಾಗಿಬಿಟ್ಟಿತು! ಎದುರಿನವನು ರಾಜ, 7, 5, 3, 2 ತೋರಿಸಿದ. ರಾಜನ ಕೈಯೆಂದರೆ ಏನೇನೂ ಅಲ್ಲ. ಎಸೆದ ಒಂಬತ್ತು ಅದನ್ನು ಸುಲಭವಾಗಿ ಸೋಲಿಸುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಐದು ಬಂದರೆ ನಾನೇನು ಮಾಡಲಿ ಚಿಕ್ಕಮ್ಮ? ಅದೃಷ್ಟ” ಎಂದ.

ನಾನು ಬಿ.ಎ. ಓದಿದವಳು, ಗಣಿತದವಳಲ್ಲ. ಆದರೂ ಕೂಡಿ ಕಳೆಯುವುದು ಬರುತ್ತದೆ. ಕಾಗದ ತೆಗೆದುಕೊಂಡು ಕೂತೆವು. ಐವತ್ತೆರಡರಲ್ಲಿ ಇವನ ಐದು, ಎದುರಾಳಿ ಇಟ್ಟುಕೊಂಡಿದ್ದ ನಾಲ್ಕು ಕಳೆದರೆ ಕಾಣದ ಎಲೆ 43. ಒಂಬತ್ತನ್ನು ಉಳಿಸಿಕೊಂಡಿದ್ದರೆ ಎದುರಾಳಿಗೆ ಗೆಲುವು ತರುತ್ತಿದ್ದುದು ನಾಲ್ಕು, ಆರು, ಎಂಟು ಮಾತ್ರ. ನಾಲ್ಕು ಮೂರಿವೆ, ಆರು ಮೂರಿವೆ, ಎಂಟು ನಾಲ್ಕಿವೆ, ಒಟ್ಟು ಹತ್ತು. ಅಂದರೆ ನಾಲ್ಕು ಸಲದಲ್ಲಿ ಮೂರು ಸಲಕ್ಕೂ ಸ್ವಲ್ಪ ಹೆಚ್ಚೇ ಇವನದು ಗೆಲುವು. ಒಂಬತ್ತನ್ನು ಎಸೆದಾಗ ಇಬ್ಬರೂ ಒಂದೊಂದು ಎಲೆಗೆ ಕಾಯುವವರಾದರು. ಆಗ ಸುಮಾರು ಅರ್ಧಕ್ಕರ್ಧ. ಐದು ಬಂದದ್ದು ಅದೃಷ್ಟವೇ ಇರಬಹುದು. ಒಂಬತ್ತನ್ನು ಎಸೆದದ್ದು ಅದೃಷ್ಟದ ಕೆಲಸವಲ್ಲ.

“ಹೌದು, ಸಂಜೆಯ ಕೈಯಲ್ಲಿ ತಪ್ಪಿದೆ” ಎಂದು ಬಹಳ ಹೊತ್ತಿನ ಮೇಲೆ ಒಪ್ಪಿಕೊಂಡ.

“ಮಧ್ಯಾಹ್ನದ ಕೈ?” ಎಂದೆ.

“ಅದನ್ನು ಗೆದ್ದೆನಲ್ಲ!”

ಆಗ ನಮ್ಮ ಶಾಲೆಯ ಗಣಿತದ ಮೇಷ್ಟ್ರು ನೆನಪಾದರು. ಅವರು ಆರನೆಯ ತರಗತಿಗೆ ಪ್ರತಿ ವರ್ಷ 16ರ ಕೆಳಗೆ 64 ಬರೆದು ಸಂಕ್ಷೇಪಿಸಲು ಹೇಳುತ್ತಾರೆ. ಯಾರಾದರೊಬ್ಬ ಹುಡುಗ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದು ಹಾಕಿ ನಾಲ್ಕನೇ ಒಂದು ಎಂದು ಬರೆಯುತ್ತಾನೆ. ಉತ್ತರ ಸರಿ! ಮೇಷ್ಟ್ರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲೇ 12ರ ಕೆಳಗೆ 24 ಬರೆದುಕೊಡುತ್ತಾರೆ. ಹುಡುಗ ಎರಡನ್ನು ಎರಡಕ್ಕೆ ಹೊಡೆದು ಮತ್ತೆ ನಾಲ್ಕನೇ ಒಂದು ಎನ್ನುತ್ತಾನೆ. ಸರಿಯುತ್ತರ ಬಂದ ತಪ್ಪು ಲೆಕ್ಕವೇ ಬಹಳ ಅಪಾಯ, ಅದನ್ನು ಅಂದೇ ಹಿಡಿಯಬೇಕು ಎಂಬುದು ಅವರ ವಾದ.

ಕಥೆ ಕೇಳಿ ಅವನು ಎಲೆಗಳನ್ನು ಕಲೆಸುತ್ತ ಸುಮ್ಮನೆ ಕೂತ. ಮಧ್ಯಾಹ್ನ ನಾಲ್ಕು ಬಾರದೆ ಇನ್ನೇನಾದರೂ ಬಂದಿದ್ದರೆ ಸಂಜೆ ಅವನು ಒಂಬತ್ತನ್ನು ಎಸೆಯುತ್ತಿರಲಿಲ್ಲ. ಸೋತವನಿಗೆ ಪಾಠ ಹೇಳುವವರು ನೂರು ಜನ. ಗೆದ್ದು ಬಂದವನನ್ನು, ಹೇಗೆ ಗೆದ್ದೆಯಪ್ಪಾ, ಎಂದು ಕೇಳುವವರು ಸಿಗುವುದಿಲ್ಲ. ನಮ್ಮ ಮನೆಗಳಲ್ಲೂ ಅಷ್ಟೆ. ಕೊನೆಯ ವಾರ ಬಾಯಿಪಾಠ ಮಾಡಿ ತೊಂಬತ್ತು ತೆಗೆದವನಿಗೆ ಪೇಡೆ ಹಂಚುತ್ತೇವೆ. ಅವನು ಕಾಲೇಜಿಗೆ ಹೋಗಿ ಮುಗ್ಗರಿಸಿದಾಗ ಕಾಲೇಜನ್ನು ಬೈಯುತ್ತೇವೆ. ನಮ್ಮ ಚಿಕ್ಕಪ್ಪನ ಗದ್ದೆ ಹೋದದ್ದೂ, ಅಕ್ಕ ಹೇಳುವ ಪ್ರಕಾರ, ಮೊದಲ ಸಲ ಅವರು ಒಂದು ಎಮ್ಮೆಯ ಬೆಲೆ ಗೆದ್ದು ಬಂದ ಮೇಲೆಯೇ.

ಅವನು ಕೆಲಸ ಬಿಡಲಿಲ್ಲ. ಹೆಂಡತಿಗೆ ಲೆಕ್ಕದ ಕಾಗದವನ್ನು ತೋರಿಸಿದನೆಂದು ಆಮೇಲೆ ತಿಳಿಯಿತು. ಆಟವನ್ನೂ ಬಿಟ್ಟಿಲ್ಲ, ವರ್ಷಕ್ಕೆ ಇಷ್ಟೆಂದು ಇಬ್ಬರೂ ಕೂತು ಗೊತ್ತು ಮಾಡಿದ್ದಾರೆ. ತಿಂಗಳಿಗೊಮ್ಮೆ ನನಗೆ ಫೋನ್ ಮಾಡುತ್ತಾನೆ. ಸೋತೆನೆಂದರೆ ಊಟವಾಯಿತೇ ಎಂದು ಕೇಳುತ್ತೇನೆ. ಗೆದ್ದೆನೆಂದರೆ ಮಾತ್ರ, “ಒಂಬತ್ತನ್ನು ಏನು ಮಾಡಿದೆಯೋ?” ಎನ್ನುತ್ತೇನೆ.