ಕುಲಗೋಡದ ಹೊಲದಲ್ಲಿ ಒಂದು ಹುಣ್ಣಿಮೆ

ದಸರೆಯ ರಜೆ ಬಂದಿತೆಂದರೆ ಪಟ್ಟಣದ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ಸಹಜ. ಬೆಳಗಾವಿಯ ಕಡೆಯಲ್ಲಾದರೆ ಆ ಮಾತು ಬಹುಮಟ್ಟಿಗೆ ಗೋಕಾಕದ ಜಲಪಾತಕ್ಕೇ ಬಂದು ನಿಲ್ಲುತ್ತದೆ. ಘಟಪ್ರಭೆಯು 52 ಮೀಟರು ಎತ್ತರದ ಬಂಡೆಯಿಂದ ಧುಮುಕುವ ನೋಟವೂ, ಅದರ ಬದಿಯ ತೂಗುಸೇತುವೆಯೂ ಯಾರನ್ನಾದರೂ ಸೆಳೆಯತಕ್ಕವೇ. ಆದರೆ ಅದೇ ಸೀಮೆಯ ಒಕ್ಕಲು ಮನೆತನಗಳಿಗೆ ವರ್ಷಕ್ಕೊಮ್ಮೆ ಒದಗುವ ಇನ್ನೊಂದು ಪ್ರವಾಸವುಂಟು. ಅದರ ದೂರ ಒಂದು ಮೈಲಿಯನ್ನು ಮೀರುವುದು ಅಪರೂಪ. ಮನೆಯ ಹೊಸ್ತಿಲಿನಿಂದ ಹೊಲದ ಬದುವಿನವರೆಗೆ. ದಿನವೂ ದುಡಿಮೆಗೆಂದು ತುಳಿಯುವ ಆ ದಾರಿಯಲ್ಲೇ ಶೀಗಿ ಹುಣ್ಣಿಮೆಯಂದು ಮನೆಮಂದಿಯೆಲ್ಲ ಹೊಸ ಬಟ್ಟೆಯುಟ್ಟು, ಬುತ್ತಿ ಹೊತ್ತು, ಬೀಗರ ಊರಿಗೆ ಹೊರಟವರಂತೆ ಹೊರಡುತ್ತಾರೆ.

ಗೋಕಾಕದ ಮೂಡಲಿಗಿರುವ ಕುಲಗೋಡ ಅಂತಹ ಊರುಗಳಲ್ಲೊಂದು. ಮೊದಲು ಗೋಕಾಕ ತಾಲೂಕಿಗೆ ಸೇರಿದ್ದ ಈ ಗ್ರಾಮ ಈಗ ಮೂಡಲಗಿ ತಾಲೂಕಿನಲ್ಲಿದೆ. ಆಶ್ವೀಜ ಮಾಸದ ಹೊತ್ತಿಗೆ ಮಳೆ ಹಿಂದೆಗೆದು ಆಕಾಶ ತೊಳೆದಿಟ್ಟಂತಿರುತ್ತದೆ. ಗೋವಿನಜೋಳದ ತೆನೆ ಬಲಿತು, ತೊಗರಿ ಹಳದಿ ಹೂವಿಟ್ಟು, ಹಿಂಗಾರಿಗೆ ಬಿತ್ತಿದ ಬಿಳಿಜೋಳ ಆಗತಾನೆ ಸಾಲುಸಾಲಾಗಿ ತಲೆಯೆತ್ತಿರುತ್ತದೆ.

ಆ ವರ್ಷ ಬೆಳಗಾವಿಯಲ್ಲಿ ನೌಕರಿಯಲ್ಲಿದ್ದ ಹಿರಿಯ ಮಗನು ಹೆಂಡತಿ ಮಕ್ಕಳೊಡನೆ ಊರಿಗೆ ಬಂದಿದ್ದನು. ಕಿರಿಯವನು ತಾಯಿಯ ಬಳಿಯಲ್ಲೇ ಇದ್ದು ನಾಲ್ಕು ಎಕರೆ ಹೊಲವನ್ನು ಮಾಡಿಕೊಂಡಿದ್ದವನು. ಊರಿನ ಬಹುಮಂದಿ ಟ್ರಾಕ್ಟರಿನಲ್ಲಿ ಹೊರಟಿದ್ದರೂ ಮಕ್ಕಳ ಹಟಕ್ಕೆ ಸೋತು ಅವನು ನೆರೆಯವರ ಚಕ್ಕಡಿಯನ್ನು ಕೇಳಿ ತಂದಿದ್ದನು. ಎತ್ತುಗಳ ಕೊರಳ ಗೆಜ್ಜೆ ನುಡಿಯತೊಡಗಿದಾಗ ಮಕ್ಕಳ ಸಂಭ್ರಮ ಹೇಳತೀರದು. ಈ ಸಲ ಉಂಡು ಮರಳುವುದಲ್ಲ, ರಾತ್ರಿ ಹೊಲದಲ್ಲಿಯೇ ವಸ್ತಿ ಎಂಬ ಮಾತೂ ಆಗಿತ್ತು. ಆದುದರಿಂದ ಚಕ್ಕಡಿಯಲ್ಲಿ ಬುತ್ತಿಯ ಬುಟ್ಟಿಗಳ ಜೊತೆಗೆ ಕೌದಿ, ಕಂಬಳಿ, ನೀರಿನ ಕೊಡ, ಒಂದು ಲಾಟೀನು ಇವೂ ಏರಿದ್ದವು.

ಬುಟ್ಟಿಗಳ ವೈಭವವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಕಟಿಕಟಿ ಒಣಗಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಯ ಪಲ್ಯ, ಮಡಿಕೆಕಾಳು, ಗುರೆಳ್ಳಿನ ಹಿಂಡಿ, ಶೇಂಗಾದ ಹಿಂಡಿ, ಕಡಬು, ಹೋಳಿಗೆ, ಬಿಳಿಯ ಬಟ್ಟೆ ಕಟ್ಟಿದ ಗಡಿಗೆಯಲ್ಲಿ ಮೊಸರನ್ನ. ಎರಡು ದಿನ ಅಡಿಗೆಮನೆಯ ಒಲೆ ಆರಿರಲಿಲ್ಲ. ಅಷ್ಟಾದರೂ ದಾರಿಯಲ್ಲಿ ಒಂದು ಕಡಬಿಗೆ ಕೈಚಾಚಿದ ಮೊಮ್ಮಗನಿಗೆ ಅಜ್ಜಿ ಕಣ್ಣು ಬಿಟ್ಟಳು. ಮೊದಲ ತುತ್ತು ಉಣ್ಣುವವಳು ಬೇರೆ ಇದ್ದಳು.

ಹೊಲದ ಮೂಲೆಯ ಬನ್ನಿಯ ಗಿಡದ ಕೆಳಗೆ ನೆಲ ಸಾರಿಸಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಸಾಲಾಗಿ ಇಟ್ಟರು. ಅವು ಪಂಚಪಾಂಡವರು. ಅವರ ಹಿಂದೆ ಕರ್ಣನಿಗೆಂದು ಒಂದು ಕಲ್ಲನ್ನಿಡುವ ವಾಡಿಕೆಯೂ ಕೆಲವೆಡೆ ಉಂಟು. ಅರಿಸಿನ ಕುಂಕುಮ ಏರಿ, ಎಡೆ ಸಂದ ಮೇಲೆ ಕಿರಿಯ ಮಗನು ಎಲ್ಲ ಅಡಿಗೆಯನ್ನೂ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಯಲ್ಲಿ ತುಂಬಿಕೊಂಡು ಬೆಳೆಯ ನಡುವೆ ನಡೆದನು. ಒಬ್ಬನು ಕೂಗುತ್ತ ಚರಗ ಚೆಲ್ಲುವುದು, ಹಿಂದಿನವನು ನೀರು ಚಿಮುಕಿಸುತ್ತ ಮರುಕೂಗು ಕೊಡುವುದು ಪದ್ಧತಿ. ನೌಕರಿಯ ಅಣ್ಣ ತಂಬಿಗೆ ಹಿಡಿದು ಹಿಂದೆ ನಡೆದನು. ಅವನ ಕೂಗು ಮೊದಮೊದಲು ಸಂಕೋಚದಿಂದ ಹೊರಟು, ನಾಲ್ಕನೆಯ ಬದುವಿನ ಹೊತ್ತಿಗೆ ದೊಡ್ಡದಾಯಿತು. ನೆರೆಹೊಲದಿಂದಲೂ ಅಂತಹುದೇ ಕೂಗು ಮರುದನಿಯಂತೆ ಬರುತ್ತಿತ್ತು.

“ಆಯೀ, ಭೂಮಿಗೂ ಹಸಿವಿ ಆಗತದೇನು?” ಎಂದು ಮೊಮ್ಮಗಳು ಕೇಳಿದಳು.

“ಬಸುರಿ ಮಗಳು ಬಾಯಿಬಿಟ್ಟು ಕೇಳತಾಳೇನ ತಂಗೀ? ತವರವರು ತಿಳಕೊಂಡು ಒಯ್ಯಬೇಕು” ಎಂದಳು ಅಜ್ಜಿ.

ಹಬ್ಬದ ಅರ್ಥವೆಲ್ಲ ಇಷ್ಟೇ. ಕಾಳು ಕಟ್ಟುವ ಕಾಲದ ಭೂಮಿ ಗರ್ಭಿಣಿ. ಅವಳ ಬಯಕೆಯನ್ನು ತೀರಿಸುವುದು ಉಣ್ಣುವವರ ಹೊಣೆ. ಇದೇ ಹುಣ್ಣಿಮೆಯನ್ನು ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಯೆಂದು ಕರೆದು, ದೀವರ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಬತ್ತದ ಗದ್ದೆಗೆ ಎಡೆಯನ್ನೊಯ್ಯುತ್ತಾರೆ. ಎರೆಯ ಸೀಮೆಯಲ್ಲಿ ಹಿಂಗಾರಿ ಜೋಳ ತೆನೆಗೆ ಬಂದಾಗ, ಎಳ್ಳಮಾವಾಸ್ಯೆಯಂದು, ಮತ್ತೊಮ್ಮೆ ಚರಗ ಚೆಲ್ಲುವುದುಂಟು.

ಊಟವಾಗಿ ಎಲೆಯಡಿಕೆಯ ಹೊತ್ತಿಗೆ, ಮನಸ್ಸಿನಲ್ಲಿದ್ದುದನ್ನು ಕಿರಿಯವನು ಹೊರಗೆಡಹಿದನು. ಬರುವ ಹಂಗಾಮಿಗೆ ಹೊಲವನ್ನೆಲ್ಲ ಕಬ್ಬಿಗೆ ಹಾಕುವ ವಿಚಾರ. ಹಿಡಕಲ್ ಜಲಾಶಯದಿಂದಲೂ ಧೂಪದಾಳದ ಒಡ್ಡಿನಿಂದಲೂ ಹೊರಟ ಕಾಲುವೆಗಳು ಈ ಸೀಮೆಯ ಬೇಸಾಯದ ಬಣ್ಣವನ್ನೇ ಬದಲಿಸಿವೆ. ಅವರ ಹೊಲದಲ್ಲಿ ಕೊಳವೆಬಾವಿಯೂ ಇತ್ತು. ಅಣ್ಣನಿಗೆ ಮಾತು ಸೇರಲಿಲ್ಲ. ಜೋಳ ಹೋದರೆ ಹಬ್ಬವೆಲ್ಲಿ, ಮಕ್ಕಳಿಗೆ ತೋರಿಸುವುದೇನು ಎಂದನು.

“ಅಣ್ಣಾ, ನೀ ವರ್ಷಕ್ಕೊಮ್ಮೆ ಬಂದು ಉಂಡು ಹೋಗಾಂವ. ಕಳೆ ತಗಸಾಕ ಆಳು ಹುಡುಕಿ ಸೋತಾಂವ ನಾ. ಕಬ್ಬು ಒಮ್ಮೆ ಹಚ್ಚಿದರ ಕೂಳಿ ಸೇರಿ ಎರಡು ಮೂರು ವರ್ಷ ಚಿಂತಿಲ್ಲ.”

ಅದು ಸುಳ್ಳಾಗಿರಲಿಲ್ಲ. ಅಣ್ಣ ಸುಮ್ಮನಾದನು. ಅಜ್ಜಿಯೂ ಏನನ್ನೂ ಹೇಳದೆ ಬುಟ್ಟಿ ಕಟ್ಟತೊಡಗಿದಳು.

ಇಳಿಹೊತ್ತಿಗೆ ಮೂಡಲಲ್ಲಿ ಚಂದ್ರ ತಾಮ್ರದ ಪರಾತದಂತೆ ಎದ್ದು ಬಂದನು. ಒಣಗಿದ ಕಸಕಡ್ಡಿಯಲ್ಲಿ ಹಸಿ ಶೇಂಗಾ ಸುಟ್ಟು ತಿನ್ನುತ್ತ ಮಕ್ಕಳು, ಬೆಳತನಕ ಏನು ಮಾಡುವುದೆಂದು ಕೇಳಿದರು. ಬಯಲಲ್ಲಿ ರಾತ್ರಿ ಕಳೆಯುವುದು ಈ ಊರಿಗೆ ಹೊಸದಲ್ಲವೆಂದಳು ಅಜ್ಜಿ. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತಕ್ಕೆ 19ನೆಯ ಶತಮಾನದಲ್ಲಿ ಆಟದ ರೂಪ ಕೊಟ್ಟ ತಮ್ಮಣ್ಣ ಈ ಕುಲಗೋಡದವನೇ. ಆ ಆಟದಿಂದ ಹೆಸರಾದ ನಿಂಗಮ್ಮ ನೆರೆಯ ಕೌಜಲಗಿಯವಳು. ಪಾರಿಜಾತವಿದ್ದ ರಾತ್ರಿ ಸುತ್ತಣ ಹಳ್ಳಿಗಳ ಚಕ್ಕಡಿಗಳು ಬಂದು ಬಯಲಲ್ಲೇ ಬೀಡುಬಿಡುತ್ತಿದ್ದುವು. ಒಂದು ಹೂವಿಗಾಗಿ ಸತ್ಯಭಾಮೆ ಮುನಿಸಿಕೊಂಡದ್ದು, ಕೃಷ್ಣನು ಕೊರವಂಜಿಯ ವೇಷದಲ್ಲಿ ಬಂದದ್ದು, ದೂತಿಯ ಚೇಷ್ಟೆ, ಇವನ್ನು ಅಜ್ಜಿ ದನಿ ಬದಲಿಸಿ ಬದಲಿಸಿ ಹೇಳುತ್ತಿರುವಂತೆ ಮಕ್ಕಳು ಒಬ್ಬೊಬ್ಬರಾಗಿ ಕೌದಿಯೊಳಗೆ ಸೇರಿದರು.

ಮಕ್ಕಳು ಮಲಗಿದ ಮೇಲೆ ಅವಳು ಕಿರಿಯ ಮಗನ ಕಡೆ ತಿರುಗಿದಳು.

“ಕಬ್ಬು ಹಚ್ಚಪಾ, ಬ್ಯಾಡ ಅನ್ನೂದಿಲ್ಲ, ದುಡಿಯಾಂವ ನೀನು. ಆದರ ಬನ್ನಿ ಗಿಡದ ಸುತ್ತ ಚಕ್ಕಡಿ ತಿರುಗುವಷ್ಟು ಜಾಗಾ ಬಿಡು. ಅದರ ಮಗ್ಗಲಿಗೆ ನಾಕು ಸಾಲು ಜ್ವಾಳ ಇರಲಿ. ಕುಂಡ್ರಾಕ ನೆಲಾನ ಇಲ್ಲಂದ್ರ ಯಾರೂ ಬರೂದಿಲ್ಲ.” ಅನಂತರ ಹಿರಿಯವನಿಗೆ, “ನೀನೂ ಅಷ್ಟ. ನಾಕು ಸಾಲಿನ ಕಳೀಗೆ ನೀ ಬಾ. ಒಂದು ಐತವಾರ ಸಾಕು” ಎಂದಳು.

ಬೆಳಗಿನ ಜಾವಕ್ಕೆ ಕೌದಿಗಳೆಲ್ಲ ಇಬ್ಬನಿಯಿಂದ ತೊಯ್ದಿದ್ದವು. ಮೊದಲು ಎದ್ದ ಮೊಮ್ಮಗಳು ಚರಗ ಚೆಲ್ಲಿದಲ್ಲಿಗೆ ಓಡಿಹೋಗಿ ನೋಡಿದಳು. ಅನ್ನದ ಅಗುಳೂ ಉಳಿದಿರಲಿಲ್ಲ. ಇರುವೆಗಳ ಒಂದು ಸಾಲು ಕಡಬಿನ ಚೂರನ್ನು ಎಳೆದೊಯ್ಯುತ್ತಿತ್ತು, ಗುಬ್ಬಿಗಳು ಎದ್ದು ಹಾರಿದವು. “ಆಯೀ, ಎಲ್ಲಾ ಉಂಡಾಳ!” ಎಂದು ಅಲ್ಲಿಂದಲೇ ಕೂಗಿದಳು.

ಅಜ್ಜಿ ಕೌದಿಗಳನ್ನು ಬಿಸಿಲಿಗೆ ಹರವುತ್ತಿದ್ದಳು. ಅತ್ತ ಬನ್ನಿಯ ಬುಡದಲ್ಲಿ ಅಣ್ಣತಮ್ಮಂದಿರಿಬ್ಬರೂ ಎತ್ತಿನ ಹಗ್ಗದ ಒಂದೊಂದು ತುದಿಯನ್ನು ಹಿಡಿದು, ಚಕ್ಕಡಿ ತಿರುಗುವುದಕ್ಕೆ ಎಷ್ಟು ಮಾರು ಬೇಕೆಂದು ಅಳೆಯುತ್ತಿದ್ದರು.